ಮೈಯೊಳಗೆ ಟೆಕ್ನೀಷಿಯಂ ಇದ್ದ ದಿನ

ಸೊಂಟದ ನೋವು ಎರಡು ತಿಂಗಳಾದರೂ ಬಿಡದಿದ್ದಾಗ ಡಾಕ್ಟರು ಎಲುಬಿನ ಸ್ಕ್ಯಾನ್ ಬರೆದುಕೊಟ್ಟರು. ನಾನು ಸಿರುಗುಪ್ಪದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಜೊತೆಗೆ ಬಾ ಎಂದು ಕರೆಯಲು ಯಾರೂ ಇರಲಿಲ್ಲ. ಬಳ್ಳಾರಿಗೆ ಒಬ್ಬಳೇ ಹೋದೆ. ಸೂಜಿ ಹಿಡಿದು ಬಂದ ಹುಡುಗಿಯನ್ನು ಕೇಳಿದೆ, "ಇದರಾಗ ಏನೈತವ್ವ?"

"ಟೆಕ್ನೀಷಿಯಂ ರೀ, ಮೇಡಂ."

ನನಗೆ ನಗು ಬಂತು. ಆವರ್ತ ಕೋಷ್ಟಕದ ನಲವತ್ಮೂರನೇ ಮನೆ! ಬಹುಕಾಲ ಅದು ಖಾಲಿ ಬಿದ್ದಿತ್ತು. ಅಲ್ಲೊಂದು ಧಾತು ಇರಲೇಬೇಕೆಂದು ಗೊತ್ತಿದ್ದರೂ ಹುಡುಕಿದವರಿಗೆ ಸಿಗಲಿಲ್ಲ. ಕೊನೆಗೆ ಇಟಲಿಯ ಇಬ್ಬರು, ಅಮೆರಿಕದ ಯಂತ್ರವೊಂದರಲ್ಲಿ ಕಣಗಳ ಹೊಡೆತ ತಿಂದಿದ್ದ ಮಾಲಿಬ್ಡಿನಂ ತಗಡಿನೊಳಗೆ ಅದನ್ನು ಕಂಡರು. ಮನುಷ್ಯ ಮಾಡಿದ ಮೊದಲ ಧಾತು. ಹೆಸರಿನ ಅರ್ಥವೇ 'ಕೃತಕ'. ಮೈಗೆ ಚುಚ್ಚುವ ಬಗೆಯದು ವಿಕಿರಣ ಸೂಸುತ್ತ ಆರು ತಾಸಿಗೆ ಅರ್ಧವಾಗುತ್ತದೆ, ಮತ್ತಾರು ತಾಸಿಗೆ ಅದರರ್ಧ.

ಇಷ್ಟೆಲ್ಲ ಗೊತ್ತಿದ್ದವಳಿಗೆ ಹುಡುಗಿ ಹೇಳಿದ್ದು ಹೊಸದು. "ನಾಳಿ ತನಕ ಸಣ್ಣ ಕೂಸು, ಬಸುರಿ ಹೆಂಗಸ್ರ ಹತ್ರ ಕುಂಡ್ರಬ್ಯಾಡ್ರಿ."

ಕುರುಗೋಡಿನ ತವರಿನಲ್ಲಿ ತಮ್ಮನ ಹೆಂಡತಿಗೆ ಏಳು ತಿಂಗಳು. ಅಲ್ಲಿಗೇ ಹೋಗಿ ಎರಡು ದಿನ ಇರಬೇಕೆಂದಿದ್ದೆ. ಫೋನು ಮಾಡಿ, ಬರೋದಿಲ್ಲ ಅಂದೆ. "ಆಯ್ತಕ್ಕ," ಅಂದ ತಮ್ಮ. ಯಾಕೆಂದು ಕೇಳಲಿಲ್ಲ.

ಮೂರು ತಾಸು ನೀರು ಕುಡಿಯುತ್ತ ಕೂತು, ಸ್ಕ್ಯಾನ್ ಮುಗಿಸಿ ಸಿರುಗುಪ್ಪದ ಬಸ್ಸು ಹತ್ತಿದೆ. ಕೂಲಿಗೆ ಹೋಗುವ ಹೆಣ್ಣುಮಗಳೊಬ್ಬಳು ಎಳೆಗೂಸನ್ನೆತ್ತಿಕೊಂಡು ಬಂದು ಪಕ್ಕದಲ್ಲಿ ಕೂತಳು. ನಾನು ತಟ್ಟನೆ ಎದ್ದು ಬಾಗಿಲ ಬಳಿ ಹೋಗಿ ನಿಂತೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಾವೂ ಟಿಕೀಟು ತಗೊಂಡೇ ಕುಂತೀವ್ರಿ."

ಅವಳಿಗೆ ಏನನ್ನಿಸಿತೆಂದು ಆಗ ಹೊಳೆಯಿತು. ಹೀಗೆ ಎದ್ದುಹೋದ ಮೇಲ್ಜಾತಿಯವರನ್ನು ಅವಳು ಮೊದಲೂ ಕಂಡಿರಬೇಕು. ನಮ್ಮ ಅಜ್ಜಿಯೂ ಹಾಗೆ ಎದ್ದವಳೇ.

"ಹಂಗಲ್ಲವ್ವ, ಇವತ್ತು ನನಗ ಔಷಧ ಚುಚ್ಚ್ಯಾರ. ಕೂಸಿಗೆ ಒಳ್ಳೇದಲ್ಲ."

"ಪಕ್ಕದಾಗ ಕುಂತ್ರ ಹತ್ತೋ ಔಷಧ ಯಾವುದೈತ್ರಿ?"

ಕ್ಲಾಸಿನಲ್ಲಾದರೆ ನಲವತ್ತು ನಿಮಿಷ ಹೇಳಬಲ್ಲೆ. ಬಸ್ಸಿನವರೆಲ್ಲ ನೋಡುತ್ತಿರುವಾಗ ಎರಡು ಮಾತಿನಲ್ಲಿ ಹೇಳಲು ಬರಲಿಲ್ಲ. ಅವಳು ಕೂಸಿನ ಮುಖಕ್ಕೆ ಸೆರಗೆಳೆದು ಕಿಟಕಿಯತ್ತ ತಿರುಗಿದಳು. ಸಿರಿಗೇರಿ ಕ್ರಾಸಿನಲ್ಲಿ ಇಳಿಯಲು ಬಂದಾಗ ನಾನು ಹಿಂದಕ್ಕೆ ಸರಿದೆ. ಅದೂ ತಪ್ಪಾಗಿಯೇ ಕಂಡಿರಬೇಕು.

ವಾರದ ಮೇಲೆ ವರದಿ ಬಂತು. ಎಲುಬಿಗೆ ಏನೂ ಆಗಿಲ್ಲ, ನರದ ನೋವು ಅಂದರು. ಆಮೇಲೆ ಆ ದಾರಿಯಲ್ಲಿ ಎಷ್ಟೋ ಸಲ ಓಡಾಡಿದ್ದೇನೆ. ಕೂಸೆತ್ತಿಕೊಂಡು ಯಾರು ಹತ್ತಿದರೂ ಸರಿದು ಜಾಗ ಮಾಡಿ, "ಬಾರವ್ವ, ಇಲ್ಲಿ ಕುಂಡ್ರು," ಅನ್ನುತ್ತೇನೆ. ಅವಳು ಮಾತ್ರ ಮತ್ತೆ ಸಿಕ್ಕಿಲ್ಲ.