ಒದ್ದೆ ಕೈ

ರಾಯಚೂರು ಕಡೆಯಿಂದ ಬಂದ ವೈರ್‌ಮನ್ ಈರೇಶನಿಗೆ ಹದಿನೈದು ವರ್ಷದ ಕಸುಬು ಕಲಿಸಿದ್ದು ಒಂದೇ ಪಾಠ: ಒದ್ದೆ ಕೈಯಲ್ಲಿ ಕರೆಂಟಿನ ಹತ್ತಿರ ಹೋಗಬಾರದು. ದೊಡ್ಡನೆಕ್ಕುಂದಿಯ ಬಾಡಿಗೆ ಕೋಣೆಯಲ್ಲಿ ಹೆಂಡತಿ ನಾಗರತ್ನಾಗೂ ಅದನ್ನೇ ಹೇಳಿ ಹೇಳಿ ತಲೆ ತಿಂದಿದ್ದ. ಕೊನೆಗೆ ಆ ಪಾಠವೇ ಅವನ ಕೊರಳಿಗೆ ಉರುಳಾಯಿತು.

ಗುಟ್ಕಾ ಅಗಿದು ಅಗಿದು ಗಂಟಲಲ್ಲಿ ಹುಟ್ಟಿದ ಗಡ್ಡೆ ಕತ್ತಿಗೂ ಹಬ್ಬಿತ್ತು. ಆಪರೇಷನ್ನಿನ ಹಂತ ದಾಟಿದೆ ಎಂದರು ಆಸ್ಪತ್ರೆಯವರು. ಏಳು ವಾರ, ವಾರಕ್ಕೆ ಐದು ದಿನ ರೇಡಿಯೇಷನ್. ಪ್ರತಿ ಸೋಮವಾರ ಜೊತೆಗೆ ಕಿಮೋ. "ಎರಡೂ ಒಟ್ಟಿಗೆ ನಡೆದ್ರೇನೇ ಔಷಧಿಗೆ ಜೋರು. ಕಿಮೋ ಕಿಡ್ನಿಗೆ ಭಾರ, ನೀರು ಚೆನ್ನಾಗಿ ಕುಡೀರಿ," ಎಂದು ಡಾಕ್ಟರ್ ಮಧುರಾ ಹೇಳಿಯೂ ಇದ್ದರು. ಆದರೆ ಆಸ್ಪತ್ರೆಯ ಬೆಂಚುಗಳ ಮೇಲೆ ಎಲ್ಲರೂ ರೇಡಿಯೇಷನ್ನಿಗೆ 'ಕರೆಂಟ್ ಕೊಡೋದು' ಅನ್ನುತ್ತಿದ್ದರು. ಈರೇಶನ ತಲೆಯಲ್ಲಿ ಕೂತದ್ದು ಅದೊಂದೇ. ಕರೆಂಟಿನ ದಿನ ಸಂಜೆಯವರೆಗೆ ತೊಟ್ಟು ನೀರು ಮುಟ್ಟುತ್ತಿರಲಿಲ್ಲ. ನಾಗರತ್ನಾ ಲೋಟ ಹಿಡಿದರೆ, "ಬ್ಯಾಡ, ಮೈಯಾಗ ಕರೆಂಟ್ ಐತಿ," ಎಂದು ತಳ್ಳುತ್ತಿದ್ದ. ಜಾಣತನಕ್ಕೇನು ಕಡಿಮೆ!

ನಾಲ್ಕನೇ ಸೋಮವಾರ ರಕ್ತದ ರಿಪೋರ್ಟ್ ನೋಡಿ ಡಾಕ್ಟರು ಕಿಮೋ ನಿಲ್ಲಿಸಿದರು. "ಕಿಡ್ನಿ ಸೋತಿದೆ. ನೀರು ಯಾಕ್ರೀ ಕುಡೀಲಿಲ್ಲ?"

ಗಂಟಲು ಬೆಂದು ಈರೇಶನಿಗೆ ಮಾತು ಹೊರಡಲಿಲ್ಲ. ನಾಗರತ್ನಾಳೇ ಹೇಳಿದಳು: "ಕರೆಂಟ್ ಕೊಡ್ತೀರಲ್ರಿ... ನೀರು ಕುಡುದ್ರ ಶಾಕ್ ಹೊಡಿತೈತಂತ ಅಂಜಿದ್ರು."

ಡಾಕ್ಟರು ನಗಲಿಲ್ಲ. "ಇದು ಆ ಕರೆಂಟಲ್ಲಮ್ಮ. ಇವತ್ತು ಬರೀ ಡ್ರಿಪ್ಪು, ರೇಡಿಯೇಷನ್. ಕಿಡ್ನಿ ಸರಿಹೋದ್ರೆ ಮುಂದಿನ ವಾರ ಕಿಮೋ ನೋಡೋಣ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಈರೇಶನಿಗೆ. ಬದುಕುವ ದಾರಿಯ ಅರ್ಧವನ್ನು ತಾನೇ ಮುಚ್ಚಿಕೊಂಡಿದ್ದ.

ಡ್ರಿಪ್ಪು ಮುಗಿದ ಮೇಲೆ ಟೆಕ್ನಿಷಿಯನ್ ಸಿದ್ರಾ ಅವನನ್ನು ಟೇಬಲ್ ಮೇಲೆ ಮಲಗಿಸಿ, ಜಾಲರಿಯ ಮುಖವಾಡವನ್ನು ಮುಖಕ್ಕೆ ಒತ್ತಿ, ಟಕ್ ಟಕ್ ಎಂದು ಟೇಬಲ್ಲಿಗೇ ಬಿಗಿದಳು. ಮೂಗು, ಗದ್ದ, ಭುಜ ಯಾವುದೂ ಅಲುಗುವಂತಿಲ್ಲ. "ತೊಂದ್ರೆ ಆದ್ರೆ ಕೈ ಎತ್ತಿ ಅಣ್ಣ, ನಿಲ್ಲಿಸ್ತೀವಿ," ಎಂದು ಹೊರಗೆ ಹೋದಳು. ದಪ್ಪ ಬಾಗಿಲು ಮುಚ್ಚಿತು. ಮೇನ್ ಆಫ್ ಮಾಡದೆ ಒಂದು ವೈರನ್ನೂ ಮುಟ್ಟದವನು ಅವನು. ಇಲ್ಲಿ ಮೇನ್ ಪಕ್ಕದ ಕೋಣೆಯಲ್ಲಿ, ಬೇರೆಯವರ ಕೈಯಲ್ಲಿತ್ತು. ಅಂಟು ಉಗುಳು ಗಂಟಲಲ್ಲಿ ಸಿಕ್ಕಿಕೊಂಡಿತು. ನುಂಗಿದರೆ ಮುಳ್ಳು, ಉಗುಳಲು ಬಾಯಿ ತೆರೆಯದು. ಭಯಕ್ಕೆ ಕೈ ತಾನಾಗಿ ಮೇಲೇಳತೊಡಗಿತು.

ಕಿಮೋ ಆಗಲೇ ನಿಂತಿದೆ. ಇದೂ ತನ್ನ ಕೈಯಿಂದಲೇ ನಿಲ್ಲಬಾರದು. ಈರೇಶ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತೂರಿಸಿ, ಮೇಲೆ ಮೈಭಾರ ಹಾಕಿ ಮಲಗಿದ.