ಅತ್ತಿಗೆಯ ದನಿ, ಡಬ್ಬಿಯಕ್ಕನ ಬೆರಳು

ಊರು ಇನ್ನೂ ಹಾಸಿಗೆ ಬಿಟ್ಟಿಲ್ಲ. ರೇಡಿಯೊ ಕೇಂದ್ರದ ಎರಡನೇ ಮಹಡಿಯಲ್ಲಿ ಒಂದೇ ಒಂದು ಕೋಣೆಗೆ ದೀಪ ಹತ್ತಿದೆ. ಐವತ್ತು ದಾಟಿದ ಹೆಂಗಸೊಬ್ಬರು ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿ, ಕಬ್ಬಿಣದ ಪೆಟ್ಟಿಗೆಯೊಂದರ ನಾಬ್‌ಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದಾರೆ. ಗಾಜಿನ ಆಚೆ, ಮೈಕಿನ ಮುಂದೆ, ಅವರ ಅತ್ತಿಗೆ ಕೂತು ಹವಾಮಾನದ ಅದೇ ನಾಲ್ಕು ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದಾರೆ.

ಪತ್ರಿಕೆಗೆ ಬರೆಯಲು ಹೋಗಿದ್ದ ನಾನು, ಕಣ್ಣೇಕೆ ಮುಚ್ಚಿದ್ದೀರಿ ಎಂದು ಕೇಳಿದೆ. "ಕಣ್ಣು ಬಿಟ್ರೆ ಕಿವಿಗೆ ಸೋಮಾರಿತನ ಬರುತ್ತೆ ಕಣ್ರೀ. ಮೀಟರಿನ ಮುಳ್ಳು ನೋಡ್ಕೊಂಡು ಚೆನ್ನಾಗಿದೆ ಅಂತ ಒಪ್ಕೊಂಡುಬಿಡುತ್ತೆ" ಎಂದರು, ಕಣ್ಣು ತೆರೆಯದೆಯೇ.

ಕೇಂದ್ರದಲ್ಲಿ ಎಲ್ಲರಿಗೂ ಇವರು ಡಬ್ಬಿಯಕ್ಕ. ಡಬ್ಬಿ ಎಂದರೆ ಆ ಕಬ್ಬಿಣದ ಪೆಟ್ಟಿಗೆ, ಕಂಪ್ರೆಸರ್. ನೀವು ಬಸ್ಸಿನಲ್ಲೋ ಬಚ್ಚಲಲ್ಲೋ ರೇಡಿಯೊ ಕೇಳುವಾಗ ವಾಲ್ಯೂಮಿಗೆ ಕೈ ಹಾಕದೆ ಕೂತಿರುತ್ತೀರಲ್ಲ, ಅದು ಈ ಡಬ್ಬಿಯ ಕೃಪೆ. ನಾನು ಇಷ್ಟು ವರ್ಷ ರೇಡಿಯೊ ಕೇಳಿದವನು, ಅದರ ಹಿಂದೆ ಒಬ್ಬರು ಕೂತಿರುತ್ತಾರೆ ಎಂದು ಒಂದು ದಿನವಾದರೂ ಯೋಚಿಸಿದ್ದರೆ ಕೇಳಿ!

"ಮಾತಾಡೋರು ಒಂದ್ಸಲ ಕಿರುಚ್ತಾರೆ, ಒಂದ್ಸಲ ಗೊಣಗ್ತಾರೆ" ಎಂದು ಡಬ್ಬಿಯಕ್ಕ ಬಿಡಿಸಿ ಹೇಳುತ್ತಾರೆ. "ಜೋರಾಗಿ ಎದ್ದವರ ಭುಜ ಹಿಡಿದು ಕೂರಿಸೋದು, ಆಮೇಲೆ ಎಲ್ಲಾರನ್ನೂ ಒಟ್ಟಿಗೆ ಸ್ವಲ್ಪ ಮೇಲಕ್ಕೆತ್ತೋದು. ಅಷ್ಟೇ ಇದರ ಕೆಲಸ. ಎಷ್ಟು ಅದುಮಿದೆ ಅಂತ ಈ ಮುಳ್ಳು ತೋರಿಸುತ್ತೆ. ಜಾಸ್ತಿ ಅದುಮಿದ್ರೆ ಮಾತಿನ ಜೀವ ಹೋಗುತ್ತೆ, ಉಸಿರು, ಫ್ಯಾನಿನ ಸದ್ದು ಎಲ್ಲಾ ಎದ್ದು ಕೂರುತ್ತೆ." ದಿನಕ್ಕೆ ಹದಿನೈದು ಇಪ್ಪತ್ತು ಗಂಟಲುಗಳು ಇವರ ಕೈ ದಾಟಿ ಹೋಗುತ್ತವೆ. ಸುದ್ದಿ ಓದುವವರು, ವೈದ್ಯರು, ಮೈಕ್ ಕಂಡರೆ ನುಂಗುವಂತೆ ಬಾಯಿ ಹಾಕುವ ಭಾಷಣಕಾರರು.

ಈ ವಿದ್ಯೆ ಬಂದಿದ್ದು ಅಣ್ಣನ ಮೈಕ್‌ ಸೆಟ್ ಅಂಗಡಿಯಿಂದ. ಹದಿನೇಳಕ್ಕೇ ಸ್ಪೀಕರ್ ಹೊತ್ತು ಮೆಟ್ಟಿಲು ಹತ್ತಿದವರು. "ಆಪರೇಟರ್ ಎಲ್ಲಿದ್ದಾರಮ್ಮಾ ಅಂತ ಕೇಳೋರು. ನಾನೇ ಅಂದ್ರೆ, ನನ್ನ ಹಿಂದೆ ಯಾರಾದ್ರೂ ನಿಂತಿದ್ದಾರಾ ಅಂತ ಬಗ್ಗಿ ನೋಡೋರು!" ಆಗ ಸೊಂಟ ಹಿಡಿದದ್ದು ಈಗಲೂ ಪೂರ್ತಿ ಬಿಟ್ಟಿಲ್ಲ. ಅಂಗಡಿ ಮುಚ್ಚಿದ ಮೇಲೆ ಮನೆಯಲ್ಲಿ ಕೈಕಟ್ಟಿ ಕೂತಿದ್ದ ನಾದಿನಿಯನ್ನು ಇಲ್ಲಿಗೆ ಎಳೆದು ತಂದವರು, ಆಗಲೇ ಇಲ್ಲಿ ಉದ್ಘೋಷಕಿಯಾಗಿದ್ದ ಅತ್ತಿಗೆ. ಡಬ್ಬಿಯೂ ಅಂಗಡಿಯದೇ, ಜೊತೆಗೇ ಬಂತು.

ಆ ಅತ್ತಿಗೆಗೆ ಕಳೆದ ವರ್ಷ ಗಂಟಲಿನ ಆಪರೇಷನ್ ಆಯಿತು. ತಿಂಗಳುಗಟ್ಟಲೆ ಮೌನ. ಈಗ ದನಿ ಬಂದಿದೆ, ಆದರೆ ಸಣ್ಣದಾಗಿ, ಅಂಚು ಸವೆದಂತೆ. "ಮೊದಲು ಅವರು ನಕ್ಕರೆ ಮುಳ್ಳು ಮೂಲೆಗೆ ಓಡಿಹೋಗ್ತಿತ್ತು. ಊರಿಗೆಲ್ಲ ಗೊತ್ತಿದ್ದ ನಗು ಅದು. ನಾನು ಡಬ್ಬಿ ಇಟ್ಕೊಂಡಿದ್ದೇ ಅವರ ನಗು ಹಿಡಿಯೋಕೆ ಅನ್ನಿ. ಆಪರೇಷನ್ ಆದಮೇಲೆ ಅವರು ನಕ್ಕಿದ್ದು ನಾನು ಕೇಳಿಲ್ಲ" ಎನ್ನುತ್ತಾರೆ ಡಬ್ಬಿಯಕ್ಕ.

ಇವತ್ತು ಪರೀಕ್ಷೆ. ಅತ್ತಿಗೆ ಬೆಳಗಿನ ನೇರ ಪ್ರಸಾರ ನಡೆಸಬೇಕು. ಕೇಳುವಂತಿದ್ದರೆ ಮೈಕ್, ಇಲ್ಲದಿದ್ದರೆ ಕೆಳಗಿನ ಕಚೇರಿಯಲ್ಲಿ ಮೇಜು, ಕುರ್ಚಿ, ಕಡತ ಎಂದು ಕೇಂದ್ರದ ಮುಖ್ಯಸ್ಥರು ಕಡ್ಡಿ ಮುರಿದಂತೆ ಹೇಳಿದ್ದಾರೆ. ಹೋದ ವಾರದ ರಿಹರ್ಸಲಿನಲ್ಲಿ ಡಬ್ಬಿಯಕ್ಕ ಅತ್ತಿಗೆಯ ಮೇಲಿನ ಅಕ್ಕರೆಗೆ ಹೇಗಾದರೂ ದನಿ ಎತ್ತಬೇಕೆಂದು ಸಿಕ್ಕಾಪಟ್ಟೆ ಅದುಮಿ, ಸಿಕ್ಕಾಪಟ್ಟೆ ಎತ್ತಿದ್ದರು. ಮುಖ್ಯಸ್ಥರು ಮುಖ ಹಿಂಡಿ, "ಉಬ್ಬಸದವರು ಓದಿದ ಹಾಗಿದೆಯಲ್ರೀ" ಎಂದುಬಿಟ್ಟರು. ಆ ಮಾತು ಅತ್ತಿಗೆಯ ಕಿವಿಗೂ ಬಿತ್ತು. ಆಮೇಲೆ ಎರಡು ದಿನ ಅವರು ಮನೆಯಲ್ಲೂ ಬಾಯಿ ಬಿಡಲಿಲ್ಲವಂತೆ.

ಗೋಡೆಯ ಕೆಂಪು ದೀಪ ಹತ್ತುತ್ತದೆ. "ನಮಸ್ಕಾರ. ತುಂಬಾ ದಿನ ಆಯ್ತು, ಅಲ್ವಾ?" ಎಂದು ಅತ್ತಿಗೆ ಶುರು ಮಾಡುತ್ತಾರೆ. ರಿಪೇರಿಯಲ್ಲಿರುವ ಸೇತುವೆ, ದಾರಿ ಬದಲಿಸಿದ ಬಸ್ಸುಗಳು, ಮಧ್ಯಾಹ್ನದ ಬಿಸಿಲು. ಸಣ್ಣ ದನಿ ನಿಜ, ಆದರೆ ಪಕ್ಕದಲ್ಲೇ ಕೂತು ನಮ್ಮೊಬ್ಬರಿಗೇ ಹೇಳುತ್ತಿರುವಂತಿದೆ. ಡಬ್ಬಿಯಕ್ಕನ ಕಣ್ಣು ಗಾಜಿನಾಚೆಯ ತುಟಿಗಳಿಂದ ಕದಲುವುದಿಲ್ಲ. ದನಿ ಏರಿಸಿ ಇಳಿಸುವ ಮಿಕ್ಸರಿನ ಜಾರುಗುಂಡಿಯ ಮೇಲಿಟ್ಟ ತೋರುಬೆರಳು ಮಾತ್ರ, ಅತ್ತಿಗೆ ಉಸಿರೆಳೆದಾಗ ಇಷ್ಟು ಕೆಳಗೆ, ದನಿ ಕುಗ್ಗಿದಾಗ ಇಷ್ಟು ಮೇಲೆ, ತನ್ನಷ್ಟಕ್ಕೆ ಆಡುತ್ತಿದೆ.

ನನಗೋ ಕೂತಲ್ಲಿ ಕೂರಲಾಗದ ಚಾಳಿ. ಡಬ್ಬಿಯತ್ತ ಬಗ್ಗಿ, "ಅಕ್ಕಾ, ಮುಳ್ಳು ಅಲ್ಲಾಡ್ತಾನೇ ಇಲ್ವಲ್ಲ?" ಎಂದು ಪಿಸುಗುಟ್ಟಿದೆ.

ಅವರು ಡಬ್ಬಿ ನೋಡಿದರು. ಎಡಗೈ ಹಣೆಗೆ ಹೋಯಿತು. "ಅಯ್ಯೋ ನನ್ ಕರ್ಮವೇ!"

ಆದದ್ದಿಷ್ಟು. ಡಬ್ಬಿಯಲ್ಲಿ ಬೈಪಾಸ್ ಎಂಬ ಗುಂಡಿಯಿದೆ. ಅದನ್ನು ಒತ್ತಿದರೆ ದನಿ ಡಬ್ಬಿಯ ಗೊಡವೆಯಿಲ್ಲದೆ ನೇರವಾಗಿ ಹೋಗುತ್ತದೆ. ಡಬ್ಬಿಯಕ್ಕ ದಿನಾ ಮೊದಲು ಬರಿ ದನಿ ಕೇಳಿ, ಆಮೇಲೆ ಗುಂಡಿ ಬಿಡಿಸಿ ಕೆಲಸಕ್ಕೆ ಇಳಿಯುವವರು. ಇವತ್ತಿನ ಗಾಬರಿಯಲ್ಲಿ ಬಿಡಿಸುವುದೇ ಮರೆತುಹೋಗಿದೆ. ಅದರ ಪುಟ್ಟ ದೀಪ ಕೆಟ್ಟು ಯಾವ ಕಾಲವಾಯಿತೋ. ಅಂದರೆ ಬೆಳಗಿನಿಂದ ಅವರು ಕಣ್ಣು ಮುಚ್ಚಿ ತಿರುಗಿಸಿದ ಒಂದು ನಾಬೂ ಯಾವ ಕೆಲಸವನ್ನೂ ಮಾಡಿಲ್ಲ! "ತಿರುಗಿಸಿದ ಹಾಗೆಲ್ಲ ಚೆನ್ನಾಗಿ ಕೇಳಿಸ್ತಿತ್ತು ನೋಡಿ ನಂಗೆ. ಈ ಕೆಲಸದೋರೆಲ್ಲ ಒಂದಲ್ಲ ಒಂದಿನ ಮಾಡೋ ಎಡವಟ್ಟು ಇದು. ಯಾರೂ ಬಾಯಿಬಿಡಲ್ಲ ಅಷ್ಟೇ."

ಬೆರಳು ಬೈಪಾಸ್ ಗುಂಡಿಯವರೆಗೆ ಹೋಯಿತು. ಅಲ್ಲೇ ನಿಂತಿತು. ಹೆಡ್‌ಫೋನಿನಲ್ಲಿ ಅತ್ತಿಗೆ ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟ ನರ್ಸುಗಳಿಗೆ ಶುಭ ಕೋರುತ್ತಿದ್ದರು. "ಬೇಡ, ಇರಲಿ" ಎಂದು ಡಬ್ಬಿಯಕ್ಕ ಕೈ ಹಿಂದಕ್ಕೆ ತೆಗೆದುಕೊಂಡರು.

ಕೆಂಪು ದೀಪ ಆರಿತು. ಬಾಗಿಲಿಗೆ ತಲೆ ಹಾಕಿದ ಮುಖ್ಯಸ್ಥರು, "ನಾಳೆಯೂ ಇವರೇ ಮಾಡಲಿ" ಎಂದು ಅಷ್ಟೇ ಹೇಳಿ ಹೋದರು. ಬೆನ್ನಿಗೇ ಮನೆಯಿಂದ ಅಣ್ಣನ ಫೋನು. "ಏನೇ, ಡಬ್ಬಿ ಇವತ್ತು ಭಾಳ ಚೆನ್ನಾಗಿ ಕೂತಿದೆ! ನಿನ್ನ ಕೈ ಅಂದ್ರೆ ಕೈ!" ಫೋನು ಸ್ಪೀಕರಿನಲ್ಲಿತ್ತು, ಆ ಮಾತು ಗಾಜಿನಾಚೆಗೂ ಕೇಳಿಸಿತು. ಅತ್ತಿಗೆ ಮೈಕಿನಲ್ಲೇ, "ಡಬ್ಬಿ ಇಲ್ಲದಿದ್ರೆ ನನ್ನ ಗತಿ ಏನಾಗ್ತಿತ್ತೇ?" ಎಂದರು. ಗೆದ್ದವರ ದನಿಯಾಗಿರಲಿಲ್ಲ ಅದು.

ಡಬ್ಬಿಯಕ್ಕ ಬೈಪಾಸ್ ಗುಂಡಿ ಬಿಡಿಸಿದರು. ಆಮೇಲೆ ಗಾಜಿನಾಚೆಗೆ ಮಾತಾಡುವ ಒಳಗಿನ ಮೈಕ್ ಒತ್ತಿ, "ಅತ್ತಿಗೆ, ಡಬ್ಬಿ ಆನ್ ಆಗೇ ಇರ್ಲಿಲ್ಲ. ಈ ತನಕ ಹೋಗಿದ್ದು ನಿಮ್ಮ ದನೀನೇ" ಎಂದರು.

"ಸುಮ್ನಿರೇ, ನನ್ನ ಸಮಾಧಾನಕ್ಕೆ ಹೇಳ್ಬೇಡ."

"ನಿಮ್ಮಾಣೆ. ಈ ಪೇಪರಿನೋರು ನೋಡಿದ್ದಾರೆ, ಕೇಳಿ ಬೇಕಾದ್ರೆ."

ನಾನು ತಲೆಯಾಡಿಸಿದೆ. ಅತ್ತಿಗೆ ನನ್ನನ್ನು ನೋಡಿದರು, ನಾದಿನಿಯನ್ನು ನೋಡಿದರು. "ಅಂದ್ರೆ, ಬೆಳಗಿಂದ ಕಣ್ಮುಚ್ಕೊಂಡು ಅಷ್ಟು ಗಂಭೀರವಾಗಿ ಏನೇ ತಿರುಗಿಸ್ತಾ ಇದ್ದೆ ನೀನು?"

"ಏನೂ ಇಲ್ಲ ಅತ್ತಿಗೆ!"

ಅತ್ತಿಗೆ ನಕ್ಕರು. ಮೊದಲು ಕೆಮ್ಮಿದಂತೆ ಬಂದ ನಗು ಆಮೇಲೆ ತಡೆಯಲಾಗದೆ ಕೋಣೆ ತುಂಬಿತು. ಡಬ್ಬಿಯ ಮುಳ್ಳು ಒಂದೇ ನೆಗೆತಕ್ಕೆ ಮೂಲೆಗೆ ಓಡಿತು. ಡಬ್ಬಿಯಕ್ಕ ಕಣ್ಣೊರೆಸಿಕೊಳ್ಳುತ್ತ ನನ್ನ ಕಡೆ ತಿರುಗಿ, "ನೋಡಿದ್ರಾ? ನಾಳೆ ಡಬ್ಬಿ ಹಾಕ್ಲೇಬೇಕು" ಎಂದರು.