ಮಗನ ಸಹಿ

ತೀರಿಹೋದ ನಾಟಕಕಾರರೊಬ್ಬರ ನಾಟಕ ಆಡಲು ನಮ್ಮ ಹವ್ಯಾಸಿ ತಂಡ ಹೊರಟಾಗ, ಬೇರೆ ತಂಡಗಳ ಹಾಗೆ ಅನುಮತಿ ಕೇಳದೆ ಆಡುವುದು ಬೇಡ ಎಂದು ಹಟ ಹಿಡಿದವನು ನಾನು. ಬೋಳಾರದಲ್ಲಿ ಅವರ ಮಗನನ್ನು ಹುಡುಕಿ, ಗೌರವಧನ ಕೊಟ್ಟು, ಅನುಮತಿಪತ್ರಕ್ಕೆ ಸಹಿ ಹಾಕಿಸಿಕೊಂಡು ಬಂದೆ.

ಪ್ರದರ್ಶನ ಮುಗಿದ ಮೇಲೆ ಹೆಂಗಸೊಬ್ಬರು ನನ್ನ ಬಳಿ ಬಂದರು. “ನಾನು ಅವರ ಮಗಳು. ಅಪ್ಪನಿಗೆ ಕಣ್ಣು ಹೋದ ಮೇಲೆ ಅವರು ಹೇಳಿದ್ದನ್ನೆಲ್ಲ ಬರೆದುಕೊಂಡವಳು. ನಾಟಕದ ಹಕ್ಕು ನನ್ನ ಹೆಸರಿಗೆ ಉಂಟು.”

“ನಿಮ್ಮ ಅಣ್ಣ ಎಂತದೂ ಹೇಳಲಿಲ್ಲವಲ್ಲ ಅಕ್ಕ!”

“ಬೇರೆ ಮಕ್ಕಳು ಉಂಟಾ ಅಂತ ನೀವು ಕೇಳಿದ್ರಾ?”

ಕೇಳಿರಲಿಲ್ಲ. ಮಗ ಸಿಕ್ಕಿದ ಕೂಡಲೇ ನನ್ನ ಹುಡುಕಾಟ ಮುಗಿದಿತ್ತು.

“ನಿಮಗೂ ಗೌರವಧನ ಕೊಡ್ತೇವೆ” ಎಂದೆ.

“ಬೇಡ ಮಾರಾಯ್ರೆ. ಇನ್ನು ಅದನ್ನು ಆಡಬೇಡಿ” ಎಂದು ಹೊರಟುಹೋದರು.

ನಾವು ಮತ್ತೆ ಆಡಲಿಲ್ಲ. ಯಾರನ್ನೂ ಕೇಳದ ತಂಡಗಳು ಈಗಲೂ ಆಡುತ್ತಿವೆ.